ಹಾಲುಹಲ್ಲು, ತಾಯಿ ಮತ್ತು ಕೋಲಾರದ ನೀರು

ಕೋಲಾರದ ಚಿನ್ನದ ಗಣಿಗಳ ಚರಿತ್ರೆಯನ್ನು ಬರೆದವರು ಅನೇಕರಿದ್ದಾರೆ. 1873ರಲ್ಲಿ ಮೈಸೂರು ಸರಕಾರದ ಬಳಿ ನೆಲವನ್ನು ಅಗೆಯಲು ಅಪ್ಪಣೆ ಬೇಡಿದ ಲ್ಯಾವೆಲ್ ಸಾಹೇಬನ ಸಾಹಸ, ಮುಂದಿನ ದಶಕದಲ್ಲಿ ಆ ನೆಲಕ್ಕೆ ಕಾಲಿಟ್ಟ ಜಾನ್ ಟೇಲರ್ ಕಂಪೆನಿಯ ವ್ಯವಹಾರ, 1902ರಲ್ಲಿ ಶಿವನಸಮುದ್ರದಿಂದ ಸುಮಾರು ತೊಂಬತ್ತು ಮೈಲಿ ತಂತಿಯ ಮೇಲೆ ಹರಿದುಬಂದ ವಿದ್ಯುಚ್ಛಕ್ತಿ, 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿಹೋದ ಸಂಗತಿ, ಇವೆಲ್ಲವೂ ವಿದ್ಯಾವಂತರಿಗೆ ತಿಳಿದವುಗಳೇ. ಆದರೆ ಆ ನೆಲದ ಮೇಲೆ ಸಂಸಾರ ಹೂಡಿದ ಹೆಂಗಸರು ತಮ್ಮ ಮಕ್ಕಳ ದೇಹವನ್ನು ಹೇಗೆ ಕಾಪಾಡಿಕೊಂಡರೆಂಬುದು ಚರಿತ್ರೆಯ ಪುಟಗಳಲ್ಲಿ ಕಾಣಬರುವುದಿಲ್ಲ. ಅದರಲ್ಲಿಯೂ ಹಲ್ಲಿನ ವಿಷಯ ತೀರ ಅಲ್ಪವೆಂದು ತೋರಬಹುದು. ಕೋಲಾರದ ಸೀಮೆಯಲ್ಲಿ ಅದು ಅಲ್ಪವಲ್ಲ. ಈ ಸೀಮೆಯ ಅನೇಕ ಹಳ್ಳಿಗಳಲ್ಲಿ ಮಗುವಿನ ಬಾಯಿಯನ್ನು ನೋಡಿದರೆ ಆ ಮನೆಯವರು ಯಾವ ನೀರನ್ನು ಕುಡಿದರೆಂಬುದನ್ನು ಓದಿ ಹೇಳಬಹುದು. ಮತ್ತು ಆ ನೀರಿನ ತಪ್ಪಿಗೆ ಬಹುಕಾಲ ತಾಯಂದಿರೇ ಹೊಣೆಗಾರರೆನ್ನಿಸಿಕೊಂಡರು.

ಮಗುವಿಗೆ ಮೊದಲ ಹಲ್ಲು ಮೂಡುವುದು ನಮ್ಮ ಮನೆಗಳಲ್ಲಿ ಸಂಭ್ರಮಕ್ಕೂ ಅಂಜಿಕೆಗೂ ಕಾರಣವಾಗಿದ್ದಿತು. ಕೆಳಗಿನ ಹಲ್ಲು ಮೊದಲು ಮೂಡಿದರೆ ಸರಿ; ಮೇಲಿನದು ಮೊದಲು ಕಾಣಿಸಿಕೊಂಡರೆ ಸೋದರಮಾವನಿಗೆ ಆಗದೆಂದು ಹಿರಿಯರು ಹೇಳುತ್ತಿದ್ದರು. ಹಲ್ಲು ಬರುವ ಕಾಲದಲ್ಲಿ ಮಗುವಿಗೆ ಜ್ವರ ಬಂದರೂ, ಭೇದಿಯಾದರೂ, ಅಳು ಹೆಚ್ಚಿದರೂ ಎಲ್ಲಕ್ಕೂ ಹಲ್ಲೇ ಕಾರಣವೆಂಬ ನಂಬಿಕೆ ಇದ್ದಿತು. ಅಜ್ಜಿಯಾದವಳು ಬಜೆಬೇರನ್ನು ಸಾಣೆಕಲ್ಲಿನ ಮೇಲೆ ತೇಯ್ದು ನಾಲಗೆಗೆ ಸವರುವಳು. ಆರೇಳು ವರ್ಷಕ್ಕೆ ಹಾಲುಹಲ್ಲು ಬಿದ್ದಾಗ ಅದನ್ನು ಸಗಣಿಯ ಉಂಡೆಯಲ್ಲಿಟ್ಟು ಮನೆಯ ಮಾಡಿನ ಮೇಲಕ್ಕೆ ಎಸೆಯುವ ಪದ್ಧತಿಯನ್ನು ಇಂದಿನ ವೃದ್ಧರು ಇನ್ನೂ ಮರೆತಿಲ್ಲ.

ಈ ನಂಬಿಕೆಗಳನ್ನು ಅಜ್ಞಾನವೆಂದು ತಳ್ಳಿಬಿಡುವವರು ಸ್ವಲ್ಪ ನಿಧಾನಿಸಬೇಕು. ಶಿಶುಚಿಕಿತ್ಸೆಗೆಂದೇ ಮೀಸಲಾದ ಪ್ರಾಚೀನ ಗ್ರಂಥ ಕಾಶ್ಯಪಸಂಹಿತೆ. ನೇಪಾಳದಲ್ಲಿ ದೊರೆತ ತಾಳೆಯೋಲೆಯ ಪ್ರತಿಯಿಂದ ಅದು 1938ರಲ್ಲಿ ಅಚ್ಚಾಗಿ ಹೊರಬಂದಿತು. ಅದರಲ್ಲಿ ಹಲ್ಲಿನ ಹುಟ್ಟನ್ನು ಕುರಿತೇ ಒಂದು ಅಧ್ಯಾಯವುಂಟು. ಮೂವತ್ತೆರಡು ಹಲ್ಲುಗಳಲ್ಲಿ ಎಂಟು ಒಮ್ಮೆಯೇ ಹುಟ್ಟುವುವೆಂದೂ ಉಳಿದವು ಎರಡು ಸಲ ಹುಟ್ಟುವುದರಿಂದ ದ್ವಿಜಗಳೆಂದೂ ಅಲ್ಲಿ ಹೇಳಿದೆ. ಹೆಣ್ಣುಮಕ್ಕಳಿಗೆ ಒಸಡು ಮೃದುವಾಗಿರುವುದರಿಂದ ಹಲ್ಲು ಬೇಗನೆ, ಕಡಿಮೆ ನೋವಿನಿಂದ ಮೂಡುವುದೆಂಬ ಮಾತೂ ಅಲ್ಲಿದೆ. ಇಂದಿನ ದಂತವೈದ್ಯರ ಎಣಿಕೆಯಲ್ಲಿ ಎರಡು ಸಲ ಹುಟ್ಟುವುವು ಇಪ್ಪತ್ತು, ಒಮ್ಮೆ ಹುಟ್ಟುವುವು ಹನ್ನೆರಡು. ಎಣಿಕೆಯಲ್ಲಿ ನಾಲ್ಕು ತಪ್ಪಿದರೂ, ಕೂಸಿನ ಬಾಯಿಯನ್ನು ಅಷ್ಟು ಗಮನವಿಟ್ಟು ನೋಡಿದವರು ಆ ಕಾಲದಲ್ಲಿಯೇ ಇದ್ದರೆಂಬುದು ಸಣ್ಣ ಸಂಗತಿಯಲ್ಲ. ಇದಕ್ಕೆ ಹೋಲಿಸಿದರೆ ನಾಗರಿಕತೆಯ ಶಿಖರದಲ್ಲಿದ್ದ ಇಂಗ್ಲೆಂಡಿನ ತಾಯಂದಿರು ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಪಾದರಸ ಬೆರೆತ ‘ಹಲ್ಲುಪುಡಿ’ಯನ್ನು ಹಲ್ಲು ಮೂಡುವ ಶಿಶುಗಳಿಗೆ ನುಂಗಿಸುತ್ತಿದ್ದರು. ಅಂಗೈ ಅಂಗಾಲು ಕೆಂಪೇರಿ ಮಕ್ಕಳು ನರಳುತ್ತಿದ್ದ ಒಂದು ರೋಗಕ್ಕೆ ಆ ಪಾದರಸವೇ ಮೂಲವೆಂದು 1940ರ ದಶಕದ ಕೊನೆಯಲ್ಲಿ ಗೊತ್ತಾದ ಮೇಲೆಯೇ ಆ ಪುಡಿಗಳು ಅಂಗಡಿಯಿಂದ ಹಿಂದೆ ಸರಿದುವು. ಬಜೆಯನ್ನು ತೇಯ್ದ ಅಜ್ಜಿ ಇಂಥ ಅಪಾಯವನ್ನು ಮಾಡಿದವಳಲ್ಲ.

ಹಲ್ಲುಜ್ಜುವ ಕ್ರಮವನ್ನು ಮಗುವಿಗೆ ಕಲಿಸುವುದೂ ತಾಯಿಯ ಕೆಲಸವೇ ಆಗಿದ್ದಿತು. ಹಳ್ಳಿಗಳಲ್ಲಿ ಬೇವಿನ ಕಡ್ಡಿ, ಹೊಂಗೆಯ ಕಡ್ಡಿ, ಕರಿಜಾಲಿಯ ಕಡ್ಡಿ. ಕಡ್ಡಿ ಅಗಿಯಲಾರದ ಎಳೆಯ ಮಕ್ಕಳಿಗೆ ಒಲೆಯ ಇದ್ದಿಲಿನ ಪುಡಿಯೂ ಉಪ್ಪೂ ಬೆರೆಸಿ ತಾಯಿಯೇ ತೋರುಬೆರಳಿನಿಂದ ತಿಕ್ಕುವಳು. ಆಂಡರ್ಸನ್‌ಪೇಟೆಯಂಥ ಗಣಿಯ ಪೇಟೆಗಳಲ್ಲಿ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಬಂದ ತಮಿಳು ತೆಲುಗು ಸಂಸಾರಗಳೇ ಹೆಚ್ಚು. ಆಲದ ಬೇರೂ ಜಾಲಿಯ ಕಡ್ಡಿಯೂ ಹಲ್ಲಿಗೆ ಬಲವೆಂಬ ಗಾದೆಯನ್ನು ತಮಿಳು ತಾಯಂದಿರು ತಮ್ಮೊಡನೆ ಹೊತ್ತುತಂದಿದ್ದರು. ಕನ್ನಡದವರ ಬೇವೂ ಅವರ ಆಲವೂ ಒಂದೇ ಬಚ್ಚಲಿನ ಬಳಿ ನೆರೆಹೊರೆಯಾದುವು. ಬಿ. ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸದ್ವೈದ್ಯಶಾಲೆಯನ್ನು ತೆರೆದರು. ಅಲ್ಲಿಯ ಹಲ್ಲುಪುಡಿ ಹಳೆಯ ಮೈಸೂರಿನ ಮನೆಮನೆಯ ಗೂಡಿನಲ್ಲಿ ಸ್ಥಾನ ಪಡೆಯಿತು. ಹೊಸತನ್ನು ಶಂಕಿಸುವ ಅಜ್ಜಿಯರೂ ಅದನ್ನು ನಮ್ಮದೇ ಮದ್ದೆಂದು ಒಪ್ಪಿಕೊಂಡರು. ಇಟ್ಟಿಗೆಯ ಪುಡಿ, ಒಲೆಯ ಬೂದಿ ಮೊದಲಾದ ಒರಟು ವಸ್ತುಗಳಿಂದ ತಿಕ್ಕಿದ ಹಲ್ಲಿನ ಮೇಲುಪದರ ಸವೆಯುವುದೆಂಬುದು ನಿಜ. ಆದರೆ ತಿಕ್ಕಬೇಕೆಂಬ ನಿಯಮವನ್ನು ಬಿಡದೆ ಸಾಗಿಸಿದ ಕೀರ್ತಿ ಅಡಿಗೆಮನೆಯ ಹೆಂಗಸರಿಗೇ ಸಲ್ಲಬೇಕು. ಹೈದ್ಯಾಲಯಗಳು ತಡವಾಗಿ ಬಂದುವು: ಭಾರತದ ಮೊದಲ ದಂತವೈದ್ಯ ವಿದ್ಯಾಲಯವನ್ನು ಡಾಕ್ಟರ್ ಆರ್. ಅಹಮದರು ಕಲಕತ್ತೆಯಲ್ಲಿ ಸ್ಥಾಪಿಸಿದುದು 1920ರಲ್ಲಿ; ಬೆಂಗಳೂರಿನ ಸರಕಾರಿ ದಂತ ಮಹಾವಿದ್ಯಾಲಯ ಆರಂಭವಾದುದು 1958ರಲ್ಲಿ. ಅಲ್ಲಿಯತನಕ ಮಗುವಿಗೆ ಹಲ್ಲಿನ ವೈದ್ಯೆ ತಾಯಿಯೊಬ್ಬಳೇ.

ಇಷ್ಟು ಮಾತು ಎಲ್ಲ ಊರಿಗೂ ಒಪ್ಪುವುದು. ಕೋಲಾರದ ವಿಶೇಷವೆಂದರೆ ನೀರು.

ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಹಿಂದಿನವರು ಹಳ್ಳಕೊಳ್ಳಗಳಿಗೆ ಅಡ್ಡಲಾಗಿ ಏರಿ ಕಟ್ಟಿ, ಒಂದು ಕೆರೆಯ ಕೋಡಿ ಮತ್ತೊಂದು ಕೆರೆಗೆ ಸೇರುವಂತೆ ಸಾವಿರಾರು ಕೆರೆಗಳನ್ನು ಸಾಲಾಗಿ ನಿರ್ಮಿಸಿದರು. ಕುಡಿಯುವುದಕ್ಕೆ ಕೆರೆಯ ಕೆಳಗಣ ತೆರೆದ ಬಾವಿಗಳಿದ್ದುವು. ಚಿನ್ನದ ಗಣಿಗಳು ಬೆಳೆದು, 1894ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪದವರೆಗೆ ರೈಲುದಾರಿ ಬಿದ್ದ ಮೇಲೆ, ಬಂಜರು ನೆಲದಲ್ಲಿ ಸಾವಿರಾರು ಸಂಸಾರಗಳು ಒತ್ತಾಗಿ ನೆಲಸಿದುವು. 1901ರ ಜನಗಣತಿಯಲ್ಲಿಯೇ ಚಿನ್ನದ ಗಣಿಯ ಪ್ರದೇಶದಲ್ಲಿ ಮೂವತ್ತೆಂಟು ಸಾವಿರಕ್ಕೂ ಮೀರಿದ ಜನರಿದ್ದರು. ಬಿದಿರ ತಟ್ಟಿಯ ಗುಡಿಸಲುಗಳ ಸಾಲುಗಳಲ್ಲಿ ಪ್ಲೇಗು, ಕಾಲರಾ ಹರಡುವ ಭಯ ಕಂಪೆನಿಯವರಿಗೆ ಸಹಜವಾಗಿಯೇ ಇದ್ದಿತು. ಪಾಲಾರಿನ ಮೇಲಣ ಬೇತಮಂಗಲದ ಕೆರೆಯ ನೀರನ್ನು ಶೋಧಿಸಿ ಕೊಳಾಯಿಯಲ್ಲಿ ಗಣಿಯ ಊರಿಗೆ ತರುವ ವ್ಯವಸ್ಥೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಏರ್ಪಟ್ಟಿತು. ಕಂಪೆನಿಯ ಉದ್ದೇಶ ಆಳುಗಳು ಕಾಯಿಲೆ ಬೀಳದೆ ಕೆಲಸಕ್ಕೆ ಇಳಿಯಬೇಕೆಂಬುದು. ಮಕ್ಕಳ ಹಲ್ಲು ಯಾರ ಲೆಕ್ಕದಲ್ಲಿಯೂ ಇದ್ದಿರಲಾರದು. ಆದರೂ ಮಳೆಯಿಂದ ತುಂಬಿದ ಕೆರೆಯ ನೀರು ಎಳೆಯ ಹಲ್ಲಿಗೆ ಯಾವ ಉಪಕಾರ ಮಾಡಬಲ್ಲುದೆಂಬುದನ್ನು ತಿಳಿಯಬೇಕಾದರೆ ಭೂಮಿಯ ಆಚೆಯ ಮಗ್ಗುಲಿನ ಕೆಲವು ಊರುಗಳ ಕಥೆಯನ್ನು ಕೇಳಬೇಕು.

ಅಮೆರಿಕದ ಕೊಲೊರಾಡೋ ಸ್ಪ್ರಿಂಗ್ಸ್ ಎಂಬ ಊರಿಗೆ 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯನು ಬಂದು ನೆಲಸಿದನು. ಅಲ್ಲಿಯೇ ಹುಟ್ಟಿ ಬೆಳೆದವರ ಹಲ್ಲುಗಳ ಮೇಲೆ ಕಂದು ಬಣ್ಣದ ಕಲೆಗಳಿದ್ದುವು. ಕೆಲವರ ಹಲ್ಲು ಚಾಕೊಲೇಟಿನ ಬಣ್ಣಕ್ಕೆ ತಿರುಗಿದ್ದಿತು. ಹೊರಗಿನಿಂದ ದೊಡ್ಡವರಾದ ಮೇಲೆ ಬಂದವರಿಗೆ ಕಲೆಯಿಲ್ಲ. ಇದಕ್ಕೆ ಊರಿನವರು ಹಂದಿಮಾಂಸ, ಕೆಟ್ಟ ಹಾಲು, ಸುಣ್ಣದ ನೀರು ಎಂದು ನಾನಾ ಕಾರಣಗಳನ್ನು ಹೇಳುತ್ತಿದ್ದರು. ಮೆಕೇ ಮೂವತ್ತು ವರ್ಷ ಈ ಕಲೆಯ ಬೆನ್ನು ಹತ್ತಿದನು. ಅಂದಿನ ದಂತವಿದ್ಯೆಯ ಆಚಾರ್ಯನೆನಿಸಿದ ಜಿ. ವಿ. ಬ್ಲಾಕನು 1909ರಿಂದ ತನ್ನ ಮರಣದವರೆಗೆ ಅವನ ಜೊತೆಗೂಡಿದನು. ಅವರಿಬ್ಬರೂ ಎರಡು ಸಂಗತಿಗಳನ್ನು ಕಂಡರು. ಕಲೆ ಬೀಳುವುದು ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಕಾಲದಲ್ಲಿ. ಹಲ್ಲು ಪೂರ್ತಿಯಾದ ಮೇಲೆ ಅಲ್ಲ. ಮತ್ತು, ಆಶ್ಚರ್ಯವೆಂದರೆ, ಈ ಕಲೆಯ ಹಲ್ಲುಗಳು ಹುಳುಕಾಗುವುದು ಕಡಿಮೆ.

1923ರಲ್ಲಿ ಐಡಹೋ ಸೀಮೆಯ ಓಕ್ಲಿ ಎಂಬ ಸಣ್ಣ ಊರಿನ ತಂದೆತಾಯಿಗಳು ಮೆಕೇಗೆ ತಮ್ಮ ಮಕ್ಕಳ ಹಲ್ಲನ್ನು ತೋರಿಸಿದರು. ಐದು ಮೈಲಿ ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಕೊಳಾಯಿ ಹಾಕಿಸಿದ ಮೇಲೆಯೇ ಈ ಕಲೆಗಳು ತೋರತೊಡಗಿದುವೆಂಬುದು ಅವರ ಮಾತು. ನೀರನ್ನು ಪರೀಕ್ಷಿಸಿದಾಗ ದೋಷವೇನೂ ಸಿಕ್ಕಲಿಲ್ಲ. ಆಗ ಮೆಕೇ ಮಾಡಿದುದನ್ನು ಇಂದಿನ ಪಂಡಿತರೂ ಗಮನಿಸಬೇಕು. ಪ್ರಯೋಗಶಾಲೆಯ ಕಾಗದಕ್ಕಿಂತ ಮಕ್ಕಳನ್ನು ದಿನವೂ ನೋಡುತ್ತಿದ್ದವರ ಮಾತನ್ನು ಅವನು ಹೆಚ್ಚಾಗಿ ನಂಬಿ, ಆ ಕೊಳಾಯಿಯನ್ನೇ ಬಿಟ್ಟು ಬೇರೆ ಬುಗ್ಗೆಯ ನೀರನ್ನು ತರಿಸಿಕೊಳ್ಳುವಂತೆ ಊರಿಗೆ ಸಲಹೆಯಿತ್ತನು. ಊರು ಹಾಗೆಯೇ ಮಾಡಿತು. ಕೆಲವೇ ವರ್ಷಗಳಲ್ಲಿ ಅಲ್ಲಿಯ ಎಳೆಯ ಮಕ್ಕಳಿಗೆ ಕಲೆಯಿಲ್ಲದ ಹಲ್ಲುಗಳು ಮೂಡಿಬಂದುವು.

ಕೋಲಾರದ ಗಣಿಯ ಊರಿಗೆ ಇನ್ನೂ ಹತ್ತಿರವಾದುದು ಅರ್ಕನ್ಸಾ ಸೀಮೆಯ ಬಾಕ್ಸೈಟ್ ಎಂಬ ಊರಿನ ಕಥೆ. ಅದೂ ಗಣಿಯ ಊರು; ಅಲ್ಯೂಮಿನಿಯಂ ಕಂಪೆನಿಯ ಆಳ್ವಿಕೆಯಲ್ಲಿದ್ದಿತು. 1909ರಲ್ಲಿ ಕಂಪೆನಿಯವರು ಆಳವಾದ ಬಾವಿಗಳನ್ನು ಕೊರೆದು ಊರಿಗೆ ನೀರೊದಗಿಸಿದರು. ಆ ಬಳಿಕ ಅಲ್ಲಿ ಬೆಳೆದ ಮಕ್ಕಳಿಗೆಲ್ಲ ಕಲೆ. ಅಷ್ಟರಲ್ಲಿ ಅಲ್ಯೂಮಿನಿಯಂ ಪಾತ್ರೆಯಲ್ಲಿ ಅಡಿಗೆ ಮಾಡಿದರೆ ವಿಷವಾಗುವುದೆಂಬ ಗುಲ್ಲು ದೇಶದಲ್ಲಿ ಹಬ್ಬಿದ್ದಿತು. ತಮ್ಮ ಪಾತ್ರೆಗಳ ಹೆಸರು ಕೆಡುವುದೆಂಬ ಭಯದಿಂದ ಕಂಪೆನಿಯ ಮುಖ್ಯ ರಸಾಯನಜ್ಞ ಎಚ್. ವಿ. ಚರ್ಚಿಲ್ಲನು ಆ ನೀರನ್ನು ಹೊಸ ವಿಧಾನದಿಂದ ಪರೀಕ್ಷೆ ಮಾಡಿಸಿದನು. 1931ರಲ್ಲಿ ಫಲ ತಿಳಿಯಿತು: ನೀರಿನಲ್ಲಿ ಯಾರೂ ಎದುರು ನೋಡದಿದ್ದ ಫ್ಲೋರೈಡ್ ಹತ್ತು ಲಕ್ಷದಲ್ಲಿ ಸುಮಾರು ಹದಿನಾಲ್ಕು ಪಾಲಿನಷ್ಟು ಇದ್ದಿತು. ಅದೇ ವರ್ಷ ಅರಿಜೋನಾದಲ್ಲಿ ಮಾರ್ಗರೆಟ್ ಕ್ಯಾಮಕ್ ಸ್ಮಿತ್ ಎಂಬ ವಿದುಷಿಯೂ ಅವಳ ಸಂಗಡಿಗರೂ ಇಲಿಗಳ ಮೇಲೆ ಪ್ರಯೋಗ ನಡೆಸಿ ಇದೇ ತೀರ್ಮಾನಕ್ಕೆ ಬೇರೆ ದಾರಿಯಿಂದ ಬಂದರು. ಒಂದು ಗಣಿಯ ಊರಿನಲ್ಲಿ ಕಂಪೆನಿಯ ಕೊಳಾಯಿ ಆಳದ ನೀರನ್ನು ತಂದು ಮಕ್ಕಳ ಹಲ್ಲನ್ನು ಕೆಡಿಸಿತು. ಕೋಲಾರದ ಗಣಿಯ ಊರಿಗೆ ಬಂದುದು ಕೆರೆಯ ನೀರು. ಮಳೆಯಿಂದ ತುಂಬುವ ಕೆರೆಗಳಲ್ಲಿ ಈ ದ್ರವ್ಯ ಸಾಮಾನ್ಯವಾಗಿ ಅತ್ಯಲ್ಪ. ಎರಡು ಕಡೆಯೂ ಕಂಪೆನಿಯವರಿಗೆ ತಾವು ಮಾಡುತ್ತಿದ್ದುದರ ಈ ಮುಖ ಗೊತ್ತಿರಲಿಲ್ಲ.

ಭಾರತದಲ್ಲಿ ಈ ರೋಗ ಮೊದಲು ಗುರುತಿಗೆ ಬಂದುದು ಕೋಲಾರದಿಂದ ಬಹಳ ದೂರದಲ್ಲಲ್ಲ. ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಎತ್ತುಗಳು ಕಾಲು ಮಡಿಸಲಾರದೆ ಕುಂಟುವುದನ್ನು ರೈತರು ಕಂಡಿದ್ದರು. ಗಿಂಡಿಯ ಕಿಂಗ್ ಸಂಸ್ಥೆಯ ಶಾರ್ಟ್ ಎಂಬ ವೈದ್ಯನೂ ಅವನ ಜೊತೆಗಾರರೂ 1937ರಲ್ಲಿ ಆ ಸೀಮೆಯ ಜನರಲ್ಲಿಯೂ ಇದೇ ವ್ಯಾಧಿಯಿರುವುದನ್ನು ಪ್ರಕಟಿಸಿದರು. ಮಕ್ಕಳಲ್ಲಿ ಹಲ್ಲಿನ ಕಲೆ; ನಡುವಯಸ್ಸು ದಾಟಿದವರಲ್ಲಿ ಬೆನ್ನು ಕತ್ತುಗಳು ಮರಗಟ್ಟಿ ಬಾಗುವುದು. ಕಾರಣ ಎರಡಕ್ಕೂ ಬಾವಿಯ ನೀರೇ. ಎತ್ತಿನ ಕುಂಟನ್ನು ರೈತ ಮೊದಲು ಕಂಡನೆಂದು ವೈದ್ಯರ ಬರಹಗಳು ಹೇಳುತ್ತವೆ. ಮಗುವಿನ ಹಲ್ಲಿನ ಕಲೆಯನ್ನು ಅವನ ಹೆಂಡತಿ ಅದಕ್ಕೂ ಮೊದಲೇ ಕಂಡಿರದಿದ್ದರೆ ಅದು ಆಶ್ಚರ್ಯವೇ. ಆದರೆ ಎತ್ತು ಉಳುವ ಪ್ರಾಣಿ. ಅದರ ಕುಂಟು ದಾಖಲೆಗೆ ಬರುತ್ತದೆ.

ಕೋಲಾರದ ನೆಲದಡಿಯ ಬಂಡೆಯೂ ಇದೇ ಬಗೆಯದು. ಚಿನ್ನವಿರುವ ಕಿರಿದಾದ ಪಟ್ಟಿಯೊಂದನ್ನು ಬಿಟ್ಟರೆ ಜಿಲ್ಲೆಯ ಬಹುಭಾಗ ಗ್ರ್ಯಾನೈಟ್ ಮತ್ತು ಅದರ ಜಾತಿಯ ಕಲ್ಲು. ಅಭ್ರಕ ಮೊದಲಾದ ಖನಿಜಗಳಲ್ಲಿ ಸೇರಿಕೊಂಡಿರುವ ಫ್ಲೋರೈಡ್, ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ನಿಧಾನವಾಗಿ ಇಳಿಯುವುದು. ನೀರಿನಲ್ಲಿ ಸುಣ್ಣದಂಶ ಕಡಿಮೆಯಾಗಿ ಸೋಡದಂಶ ಹೆಚ್ಚಾದಷ್ಟೂ ಅದು ಹೆಚ್ಚು ಕರಗುವುದು. ತೆರೆದ ಬಾವಿಯ ನೀರು ಪ್ರತಿ ಮಳೆಗೂ ಹೊಸದಾಗುತ್ತಿದ್ದಿತು. 1970ರ ದಶಕದಿಂದೀಚೆಗೆ ಕೊಳವೆಬಾವಿಗಳು ಬಂದುವು. ಬಂದುದು ಒಳ್ಳೆಯ ಉದ್ದೇಶದಿಂದಲೇ: ತೆರೆದ ಬಾವಿಯ ಕೊಳೆನೀರು ಕಾಲರಾ, ನಾರುಹುಣ್ಣುಗಳ ಮನೆಯಾಗಿದ್ದಿತು, ಕೈಪಂಪಿನ ನೀರು ನಿರ್ಮಲವಾಗಿ ಕಂಡಿತು. ಆದರೆ ಕೆರೆಗಳಲ್ಲಿ ಹೂಳು ತುಂಬಿ, ತೋಟಕ್ಕೂ ರೇಷ್ಮೆಗೂ ನೀರೆಳೆದು, ಅಂತರ್ಜಲ ಕೆಳಗಿಳಿದಂತೆಲ್ಲ ಕೊಳವೆಗಳೂ ಕೆಳಗಿಳಿದುವು. ಸಾವಿರ ಅಡಿಯನ್ನು ಮೀರಿ ಕೊರೆಯುವುದು ಈ ಸೀಮೆಯಲ್ಲಿ ಸಾಮಾನ್ಯವಾಯಿತು. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಫ್ಲೋರೈಡ್ ಇರಬಹುದೆಂದೂ, ಬೇರೆ ನೀರೇ ಇಲ್ಲದಿದ್ದಲ್ಲಿ ಒಂದೂವರೆಯವರೆಗೆ ಸೈರಿಸಬಹುದೆಂದೂ ಭಾರತದ ಮಾನಕ ಹೇಳುತ್ತದೆ. ಬಾಗೇಪಲ್ಲಿ, ಮುಳಬಾಗಿಲು, ಶ್ರೀನಿವಾಸಪುರ ಮುಂತಾದ ತಾಲ್ಲೂಕುಗಳ ಅನೇಕ ಕೊಳವೆಬಾವಿಗಳು ಆ ಎಲ್ಲೆಯನ್ನು ದಾಟಿದುವು. ಇವುಗಳಲ್ಲಿ ಬಾಗೇಪಲ್ಲಿ 2007ರಲ್ಲಿ ಹೊಸದಾಗಿ ರಚಿತವಾದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿತು. ನೀರಿಗೆ ಆ ಗಡಿ ತಿಳಿಯದು.

ಆಗ ಮನೆಗಳಲ್ಲಿ ನಡೆದುದೇನು? ಏಳು ವರ್ಷದ ಮಗುವಿಗೆ ಹೊಸ ಮುಂಬಲ್ಲು ಮೂಡುವುದು. ಅದು ಹಾಲಿನಂತಿರದೆ ಸುಣ್ಣ ಬಳಿದಂತೆ ಮಂಕಾಗಿ, ಕ್ರಮೇಣ ಹಳದಿ ಅಥವಾ ಕಂದು ಪಟ್ಟೆಗಳನ್ನು ತಳೆಯುವುದು. ಶಾಲೆಯಲ್ಲಿ ಉಪಾಧ್ಯಾಯರು ಹಲ್ಲುಜ್ಜಿ ಬಾ ಎಂದು ಗದರುವರು. ಮನೆಯಲ್ಲಿ ಅತ್ತೆಯಾದವಳು ಸೊಸೆಯನ್ನು ಸೋಮಾರಿಯೆನ್ನುವಳು. ತಾಯಿ ಇದ್ದಿಲು ಬಿಟ್ಟು ಉಪ್ಪು, ಉಪ್ಪು ಬಿಟ್ಟು ಇಟ್ಟಿಗೆಯ ಪುಡಿ ಹಿಡಿದು ತಿಕ್ಕುವಳು. ಒಸಡಿನಿಂದ ನೆತ್ತರು ಬರುವುದೇ ಹೊರತು ಕಲೆ ಹೋಗದು. ಏಕೆಂದರೆ ಕಲೆ ಹಲ್ಲಿನ ಮೇಲೆ ಕುಳಿತುದಲ್ಲ, ಹಲ್ಲಿನ ಕವಚದೊಳಗೇ ಹುಟ್ಟಿದುದು. ಇಲ್ಲಿ ತಾಯಂದಿರಿಗೆ ಆದ ಅನ್ಯಾಯ ಸ್ಪಷ್ಟವಾಗಿದೆ. ಸ್ವಚ್ಛತೆಯ ಪಾಠವನ್ನು ಬಾಯಲ್ಲಿಟ್ಟುಕೊಂಡು ಹಳ್ಳಿಗೆ ಹೋದ ಉಪದೇಶಕರಲ್ಲಿ ಎಷ್ಟೋ ಮಂದಿ ಮೊದಲು ಬಾವಿಯನ್ನು ನೋಡದೆ ತಾಯಿಯನ್ನು ನೋಡಿದರು. ಹೆಣ್ಣುಮಕ್ಕಳ ಪಾಲಿಗಂತೂ ಇದು ಬದುಕಿನ ಪ್ರಶ್ನೆಯಾಯಿತು. ಹೆಣ್ಣು ನೋಡಲು ಬಂದವರ ಮುಂದೆ ತುಟಿ ಬಿಚ್ಚದೆ ನಗುವುದನ್ನೂ, ಸೆರಗನ್ನು ಬಾಯಿಗೆ ಅಡ್ಡ ಹಿಡಿಯುವುದನ್ನೂ ಅವರು ಕಲಿಯಬೇಕಾಯಿತು. ಅದನ್ನು ನಾಚಿಕೆಯೆಂದು ಮೆಚ್ಚಿದವರೂ ಇದ್ದಿರಬಹುದು.

ತಾಯಿಗೆ ನಿಜವಾಗಿ ತಿಳಿಸಬೇಕಾಗಿದ್ದುದು ಬೇರೆ. ಶಾಶ್ವತವಾದ ಮುಂಬಲ್ಲುಗಳ ಕವಚ ಒಸಡಿನೊಳಗೆ ಗಟ್ಟಿಯಾಗಲು ತೊಡಗುವುದು ಮಗು ಮೂರುನಾಲ್ಕು ತಿಂಗಳಿನದಾಗಿದ್ದಾಗ. ಮುಗಿಯುವುದು ನಾಲ್ಕೈದನೆಯ ವರ್ಷಕ್ಕೆ. ಹಿಂದಿನ ದವಡೆಹಲ್ಲುಗಳು ಎಂಟನೆಯ ವರ್ಷದ ಹೊತ್ತಿಗೆ ಸಿದ್ಧವಾಗುತ್ತವೆ. ಎಲ್ಲಕ್ಕೂ ಕೊನೆಗೆ ಬರುವ ಬುದ್ಧಿಹಲ್ಲನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಆದುದರಿಂದ ಕಣ್ಣಿಗೆ ಕಾಣದ ಹಲ್ಲನ್ನು ಕಾಪಾಡಬೇಕಾದ ಕಾಲ ಮಗು ಇನ್ನೂ ಅಂಬೆಗಾಲಿಡುವ ಕಾಲವೇ. ಇನ್ನೊಂದು ಸಂಗತಿ ಅದಕ್ಕಿಂತಲೂ ಮನಸ್ಸಿಗೆ ಹಿಡಿಯುವಂಥದು. ತಾಯಿ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಷ್ಟೇ ಇದ್ದರೂ ಅವಳ ಮೊಲೆಹಾಲಿಗೆ ಅದು ಇಳಿಯುವುದು ಅತ್ಯಲ್ಪ. ತನ್ನ ಎಲುಬಿನಲ್ಲಿ ವಿಷವನ್ನು ಕೂಡಿಟ್ಟುಕೊಂಡು ಮಗುವಿಗೆ ನಿರ್ಮಲವಾದ ಹಾಲನ್ನೇ ಅವಳ ದೇಹ ಕೊಡುತ್ತದೆ. ಅದೇ ಹಾಲಿನ ಪುಡಿಯನ್ನು ಕೊಳವೆಬಾವಿಯ ನೀರಿನಲ್ಲಿ ಕದಡಿ ಕುಡಿಸಿದರೆ ನೀರಿನ ದೋಷವೆಲ್ಲ ಮಗುವಿಗೆ ಸಲ್ಲುವುದು. ಮೊಲೆಹಾಲನ್ನು ಬೇಗನೆ ಬಿಡಿಸುವುದು ನಾಗರಿಕ ಪದ್ಧತಿಯೆಂದು ಪಟ್ಟಣದ ಮನೆಗಳು ಕೆಲಕಾಲ ಭ್ರಮಿಸಿದ್ದುವು. ಈ ಸೀಮೆಯಲ್ಲಿ ಆ ಭ್ರಮೆಯ ಬೆಲೆ ಹೆಚ್ಚು.

ನೀರನ್ನು ಕುದಿಸಿ ಆರಿಸಿ ಕೊಡಬೇಕೆಂಬುದು ಆರೋಗ್ಯಶಾಸ್ತ್ರದ ಮೊದಲ ಪಾಠ. ಭೇದಿ, ವಿಷಮಜ್ವರಗಳಿಗೆ ಅದು ಸರಿಯಾದ ಪಾಠವೇ. ಫ್ಲೋರೈಡ್ ಮಾತ್ರ ಕುದಿಸಿದರೆ ಹೋಗದು. ನೀರು ಆವಿಯಾದಷ್ಟು ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುವುದು. ಕುಡಿಯಲು ಬೇರೆ ನೀರು ತಂದು, ಮುದ್ದೆಗೂ ಅನ್ನಕ್ಕೂ ಸಾರಿಗೂ ಕೊಳವೆಯ ನೀರನ್ನೇ ಬಳಸುವ ಮನೆಗಳಲ್ಲಿ ದೋಷ ಊಟದ ತಟ್ಟೆಯಿಂದ ಬರುವುದು. ಹಿಟ್ಟು ಹೀರಿಕೊಂಡ ನೀರು ಹೊಟ್ಟೆಗೇ ಹೋಗುವುದಷ್ಟೆ. ಆದರೂ ಕೋಲಾರದ ಊಟದಲ್ಲಿ ಒಂದು ಪುಣ್ಯವಿದೆ. ರಾಗಿಯಲ್ಲಿ ನೂರು ಗ್ರಾಮಿಗೆ ಮುನ್ನೂರು ಮಿಲಿಗ್ರಾಮಿಗೂ ಮೀರಿದ ಸುಣ್ಣದಂಶವುಂಟು; ಅಕ್ಕಿ ಗೋಧಿಗಳಲ್ಲಿ ಅದರ ಸಣ್ಣ ಪಾಲೂ ಇಲ್ಲ. ಸುಣ್ಣದಂಶವುಳ್ಳ ಆಹಾರ ಹೊಟ್ಟೆಯಲ್ಲಿದ್ದರೆ ಫ್ಲೋರೈಡ್ ರಕ್ತಕ್ಕೆ ಸೇರುವುದು ಸ್ವಲ್ಪಮಟ್ಟಿಗೆ ತಗ್ಗುವುದು. ರಾಗಿಯ ಸರಿಯನ್ನೂ, ನೆಲ್ಲಿಕಾಯಿ, ನುಗ್ಗೆಸೊಪ್ಪು, ಮಜ್ಜಿಗೆಗಳನ್ನೂ ಬಿಡದ ತಾಯಿ ತನಗರಿಯದೆಯೇ ಮಗುವಿಗೆ ಉಪಕಾರ ಮಾಡುತ್ತಿದ್ದಳು.

ಆಂಡರ್ಸನ್‌ಪೇಟೆಯ ಕಡೆಗೆ ಮತ್ತೆ ತಿರುಗಿದರೆ, ಅಲ್ಲಿಯ ತಾಯಂದಿರ ಮೇಲೆ ಬಿದ್ದ ಹೊರೆ ಬೇರೆ ಬಗೆಯದು. ತಿಂಗಳ ಸಂಬಳ ಬರುವ ಪೇಟೆಯಲ್ಲಿ ಅಂಗಡಿಯ ತಿಂಡಿ ಬೇಗನೆ ಸೇರುವುದು: ಚಹ, ಕಾಫಿ, ಬನ್ನು, ಬಿಸ್ಕತ್ತು, ಪೆಪ್ಪರ್ಮೆಂಟು. ಸಕ್ಕರೆ ಸೇರಿದಲ್ಲಿ ಹುಳುಕೂ ಸೇರುವುದು. ಹುಳುಕು ಎಂಬ ಕನ್ನಡದ ಮಾತಿನಲ್ಲಿಯೇ ಹುಳುವಿದೆ. ಹಲ್ಲನ್ನು ಹುಳು ಕೊರೆಯುವುದೆಂದು ಬಾಬಿಲೋನಿನಿಂದ ಮೊದಲುಗೊಂಡು ಬೇರೆ ಬೇರೆ ದೇಶಗಳ ಜನರು ನಂಬಿದ್ದರು. ಫ್ರಾನ್ಸಿನ ಫೋಷಾರನು 1728ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಂಥ ಹುಳುವನ್ನು ತಾನು ಕಂಡಿಲ್ಲವೆಂದನು. ಬಾಯಲ್ಲಿ ಉಳಿದ ಸಿಹಿಯನ್ನೂ ಹಿಟ್ಟನ್ನೂ ಸೂಕ್ಷ್ಮಜೀವಿಗಳು ಹುಳಿಯಾಗಿಸಿ ಆ ಹುಳಿಯಿಂದ ಹಲ್ಲು ಕರಗುವುದೆಂದು ಬರ್ಲಿನ್ನಿನಲ್ಲಿದ್ದ ಮಿಲ್ಲರನು 1890ರಲ್ಲಿ ತೋರಿಸಿದನು. ಹೀಗೆ ನೋಡಿದರೆ ಹುಳುವಿನ ಕಥೆ ಪೂರ್ತಿ ಸುಳ್ಳೂ ಅಲ್ಲ. ಹುಳು ಕಣ್ಣಿಗೆ ಕಾಣದಷ್ಟು ಸಣ್ಣದು, ಅಷ್ಟೆ. ಆ ಜೀವಿಗಳು ಬಹುಪಾಲು ಶಿಶುಗಳಿಗೆ ತಾಯಿಯ ಬಾಯಿಯಿಂದಲೇ ದಾಟುವುವೆಂದು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳ ಪರಿಶೋಧನೆಗಳು ತಿಳಿಸಿದುವು. ತಾನು ರುಚಿ ನೋಡಿದ ಚಮಚದಿಂದಲೇ ಉಣಿಸುವುದು, ಅಗಿದು ಮೆತ್ತಗೆ ಮಾಡಿ ಬಾಯಿಗಿಡುವುದು ಮೊದಲಾದ ಅಕ್ಕರೆಯ ಕೆಲಸಗಳೇ ದಾರಿ. ಇದರಿಂದ ತಾಯಿ ತನ್ನ ಹುಳುಕುಹಲ್ಲಿಗೆ ಮದ್ದು ಮಾಡಿಸಿಕೊಳ್ಳುವುದು ಮಗುವಿನ ಹಲ್ಲಿಗೆ ಮಾಡುವ ಮೊದಲ ಆರೈಕೆಯೆಂದಾಯಿತು. ಮನೆಯಲ್ಲಿ ಎಲ್ಲರ ಕಾಯಿಲೆಗೂ ಹಣ ಹುಟ್ಟಿ, ತಾಯಿಯ ಹಲ್ಲುನೋವಿಗೆ ಮಾತ್ರ ಲವಂಗವೇ ಗತಿಯೆನ್ನುವ ಸಂಸಾರಗಳು ಈ ಮಾತನ್ನು ಕೇಳಬೇಕು. ಸಿಹಿನೀರಿನ ಬಾಟಲಿಯನ್ನು ಬಾಯಿಗಿಟ್ಟು ಮಲಗಿಸುವುದರಿಂದ ಮೇಲಿನ ಮುಂಬಲ್ಲುಗಳು ಎರಡು ವರ್ಷ ತುಂಬುವ ಮೊದಲೇ ಕರಗಿ ಬುಡ ಮಾತ್ರ ಉಳಿಯುವುದುಂಟು. ಹೇಗೂ ಬೀಳುವ ಹಾಲುಹಲ್ಲು ತಾನೆ ಎಂದು ಉದಾಸೀನ ಮಾಡುವುದೂ ಸಲ್ಲದು. ಅದು ಅಕಾಲದಲ್ಲಿ ಹೋದರೆ ಅದರ ಸ್ಥಳವನ್ನು ಪಕ್ಕದ ಹಲ್ಲು ಆಕ್ರಮಿಸಿ, ಮುಂದೆ ಬರುವುದು ಸೊಟ್ಟಗೆ ಬರುವುದು.

ಗಣಿಗಳು 1956ರಲ್ಲಿ ಮೈಸೂರು ಸರಕಾರದ ಸ್ವಾಧೀನಕ್ಕೂ 1962ರಲ್ಲಿ ಕೇಂದ್ರ ಸರಕಾರದ ಆಡಳಿತಕ್ಕೂ ಬಂದು, 2001ರಲ್ಲಿ ನಿಂತುಹೋದುವು. ಅದರೊಡನೆ ಸಂಬಳವೂ ಗಣಿಯ ಆಸ್ಪತ್ರೆಯ ಆಶ್ರಯವೂ ಹೋದುವು. ಮಳೆ ಸೋತ ವರ್ಷಗಳಲ್ಲಿ ಪಾಲಾರಿನ ಕೆರೆಯೂ ಬತ್ತಿತು. ಗಣಿಯ ಪೇಟೆಗಳ ಮನೆಗಳು ಟ್ಯಾಂಕರಿನ ನೀರನ್ನು ಹಣ ಕೊಟ್ಟು ಕೊಳ್ಳಬೇಕಾಯಿತು. ಟ್ಯಾಂಕರು ತುಂಬುವುದು ಸಾಮಾನ್ಯವಾಗಿ ಕೊಳವೆಬಾವಿಯಿಂದ. ಒಂದು ಕಾಲಕ್ಕೆ ಕೆರೆಯ ನೀರು ಕುಡಿದ ಬೀದಿಯ ತಾಯಂದಿರು ಹಳ್ಳಿಯ ತಾಯಂದಿರಂತೆಯೇ ನೀರಿನ ಮೂಲವನ್ನು ವಿಚಾರಿಸಬೇಕಾದ ಸ್ಥಿತಿಗೆ ಬಂದರು.

ಪರಿಹಾರಗಳು ಬಂದಿಲ್ಲವೆಂದಲ್ಲ. ಪಟಿಕವನ್ನೂ ಸುಣ್ಣವನ್ನೂ ಹಾಕಿ ನೀರನ್ನು ತಿಳಿಗೊಳಿಸುವ ‘ನಲ್ಗೊಂಡ ವಿಧಾನ’ವನ್ನು ನಾಗಪುರದ ಪರಿಸರ ಸಂಶೋಧನಾ ಸಂಸ್ಥೆಯವರು 1970ರ ದಶಕದಲ್ಲಿ ರೂಪಿಸಿದರು. ಮನೆಯ ಬಕೆಟ್ಟಿನಲ್ಲಿಯೂ ಅದನ್ನು ಮಾಡಬಹುದು. ಆದರೆ ದಿನವೂ ಅಳತೆ ತಪ್ಪದೆ ಮಾಡಿ, ಕೆಳಗೆ ನಿಂತ ಗಸಿಯನ್ನು ಚೆಲ್ಲಿ, ಬದಲಾದ ರುಚಿಗೆ ಮನೆಯವರನ್ನು ಒಪ್ಪಿಸುವ ಕೆಲಸವೆಲ್ಲ ಮತ್ತೆ ತಾಯಿಯದೇ. ಅದು ಹೆಚ್ಚಾಗಿ ರೂಢಿಗೆ ಬಾರದಿದ್ದರೆ ಆಶ್ಚರ್ಯವಿಲ್ಲ. ಮಾಡಿನ ಮೇಲೆ ಬಿದ್ದ ಮಳೆನೀರನ್ನು ತೊಟ್ಟಿಯಲ್ಲಿ ಕೂಡಿಡುವುದು ಇದಕ್ಕಿಂತ ಸುಲಭ. ಆ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ನಾಣ್ಯ ಹಾಕಿ ಬಿಂದಿಗೆ ತುಂಬಿಸಿಕೊಳ್ಳುವ ಶುದ್ಧನೀ‌ರಿನ ಘಟಕಗಳು ಹಳ್ಳಿಹಳ್ಳಿಗೂ ಬಂದಿವೆ. 1975ರಲ್ಲಿ ದೇಶದಲ್ಲಿ ಆರಂಭವಾದ ಅಂಗನವಾಡಿಗಳಲ್ಲಿ ಮಕ್ಕಳು ಕುಡಿಯುವ ನೀರೂ ಬೇಯುವ ಅನ್ನದ ನೀರೂ ಇಂಥ ಘಟಕದಿಂದಲೇ ಬರುವಂತೆ ಮಾಡುವುದು ಕಷ್ಟದ ಕೆಲಸವೇನಲ್ಲ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೊಳಾಯಿಯಲ್ಲಿ ಬಂದು ಕೋಲಾರದ ಕೆರೆಗಳನ್ನು ತುಂಬತೊಡಗಿದೆ. ಅದು ಕುಡಿಯುವ ನೀರಲ್ಲ. ಅಂತರ್ಜಲವನ್ನು ಮೇಲೆತ್ತುವ ಉಪಾಯ. ಅದರ ಗುಣದೋಷಗಳನ್ನು ಕುರಿತ ವಾದ ಇನ್ನೂ ನಡೆದಿದೆ.

ನೀರನ್ನು ಬದಲಾಯಿಸಿದ ಊರಿನಲ್ಲಿ ಫಲ ಕೂಡಲೇ ಕಾಣುವುದಿಲ್ಲ. ಈಗಾಗಲೇ ಕಲೆಯುಳ್ಳ ಹಲ್ಲು ಹಾಗೆಯೇ ಇರುವುದು. ಬದಲಾವಣೆಯ ವರ್ಷದಲ್ಲಿ ಹುಟ್ಟಿದ ಕೂಸಿಗೆ ಹೊಸ ಮುಂಬಲ್ಲು ಮೂಡಲು ಆರೇಳು ವರ್ಷ ಬೇಕು. ಓಕ್ಲಿಯ ತಂದೆತಾಯಿಗಳು ಹಾಗೆ ಕಾದರು. ಕೋಲಾರದ ಹಳ್ಳಿಗಳಲ್ಲಿ ಶುದ್ಧನೀರಿನ ಘಟಕದ ಯಂತ್ರ ಆರು ತಿಂಗಳಿಗೊಮ್ಮೆ ಕೆಟ್ಟು, ರಿಪೇರಿಯಾಗುವತನಕ ಮನೆಯವರು ಹಳೆಯ ಕೊಳವೆಗೆ ಮರಳಿದರೆ ಆ ಆರೇಳು ವರ್ಷಗಳ ಲೆಕ್ಕ ಮತ್ತೆ ಮೊದಲಿನಿಂದ ತೊಡಗುವುದು.